ಇಂಗ್ಲಿಷ್ ಆರ್ಟಿಕಲ್‌ಗಳ ಬಗೆಗಿನ ನಿಮ್ಮ ಲೇಖನದ ಕುರಿತು

ಮಾನ್ಯರೇ,

ತಾಂತ್ರಿಕ ಬರವಣಿಗೆಯಲ್ಲೂ ಅನುವಾದದಲ್ಲೂ ಇಂಗ್ಲಿಷಿನ 'ಎ', 'ಆನ್', 'ದ' (a, an, the) ಎಂಬ ಆರ್ಟಿಕಲ್‌ಗಳನ್ನು ಬಳಸುವ ಕ್ರಮವನ್ನು 12 ನಿಯಮಗಳಲ್ಲಿ ವಿವರಿಸುವ ನಿಮ್ಮ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ಸ್ವಚ್ಛವಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಶಾಲೆಯ ವ್ಯಾಕರಣ ಪುಸ್ತಕ ಹೇಳುವಷ್ಟನ್ನೇ ಹೇಳಿ ಕೈತೊಳೆದುಕೊಂಡಿದ್ದೀರಿ. ಕೈಪಿಡಿ ಬರೆಯುವವರು ಆ ಪುಸ್ತಕವನ್ನು ಎಂದೋ ಓದಿರುತ್ತಾರೆ, ಓದಿಯೂ ತಪ್ಪುತ್ತಾರೆ. ಅವರು ತಪ್ಪುವುದು ಎಲ್ಲಿ, ಯಾಕೆ ಎಂಬುದನ್ನು ಲೇಖನ ಎಲ್ಲಿಯೂ ಎತ್ತಿಕೊಳ್ಳುವುದಿಲ್ಲ.

ನಿಮ್ಮ ಮೊದಲ ನಿಯಮವನ್ನೇ ನೋಡಿ: ಮೊದಲ ಸಲ ಹೇಳುವಾಗ 'ಎ', ಮತ್ತೆ ಹೇಳುವಾಗ 'ದ'. ಇದು ಸುಳ್ಳಲ್ಲ, ಆದರೆ ಅರ್ಧ ಮಾತು. ಪ್ರಿಂಟರ್ ಕೈಪಿಡಿಯ ಮೊದಲ ಸಾಲೇ 'ಓಪನ್ ದ ಫ್ರಂಟ್ ಕವರ್' ಎಂದಿರಬಹುದು; ಮುಚ್ಚಳದ ಪ್ರಸ್ತಾಪ ಹಿಂದೆ ಎಲ್ಲಿಯೂ ಬಂದಿಲ್ಲವಾದರೂ 'ದ' ಅಲ್ಲಿ ಸರಿಯಾಗಿಯೇ ಕೂರುತ್ತದೆ, ಏಕೆಂದರೆ ಆ ಯಂತ್ರಕ್ಕೆ ಮುಂಭಾಗದ ಮುಚ್ಚಳ ಇರುವುದು ಒಂದೇ, ಅದು ಓದುಗರ ಕಣ್ಣೆದುರಿಗೇ ಇದೆ. ಹಾಗಾಗಿ ಬರೆಯುವವರು ಕೇಳಿಕೊಳ್ಳಬೇಕಾದದ್ದು ಈ ನಾಮಪದ ಎಷ್ಟನೆಯ ಸಲ ಬಂತು ಎಂದಲ್ಲ. ಯಾವುದು ಎಂದು ಓದುಗರು ತಿರುಗಿ ಕೇಳದೆ ಗುರುತಿಸಬಲ್ಲರೇ ಎಂದು. ನಿಮ್ಮ 12 ನಿಯಮಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯೊಳಗೆ ಅಡಗುತ್ತವೆ.

ತಾಂತ್ರಿಕ ಬರವಣಿಗೆಯಲ್ಲಿ ಇದು ಶೈಲಿಯ ಮಾತಲ್ಲ, ಕೆಲಸದ ಮಾತು. ನಾಲ್ಕು ಸ್ಕ್ರೂಗಳಿರುವ ಫಲಕವೊಂದನ್ನು ಕಲ್ಪಿಸಿಕೊಳ್ಳಿ. 'ರಿಮೂವ್ ಎ ಸ್ಕ್ರೂ' ಎಂದರೆ ಯಾವುದಾದರೂ ಒಂದನ್ನು ಬಿಚ್ಚಬೇಕು. 'ರಿಮೂವ್ ದ ಸ್ಕ್ರೂಸ್' ಎಂದರೆ ನಾಲ್ಕನ್ನೂ. 'ರಿಮೂವ್ ದ ಸ್ಕ್ರೂ' ಎಂದು ಬರೆದರೆ ಓದುಗರು ಕೈಯಲ್ಲಿ ಉಪಕರಣ ಹಿಡಿದು ಆ ಒಂದು ಯಾವುದೆಂದು ಹುಡುಕುತ್ತ ನಿಲ್ಲುತ್ತಾರೆ. ಏನನ್ನೂ ಹಾಕದೆ 'ರಿಮೂವ್ ಸ್ಕ್ರೂಸ್' ಎಂದು ಬಿಟ್ಟರೆ ಎಷ್ಟೆಂಬುದು ಅವರವರ ಊಹೆಗೆ ಬಿಟ್ಟದ್ದು. ಇಂತಹ ಒಂದು ಉದಾಹರಣೆ ನಿಮ್ಮ ಬೆಕ್ಕು, ಪುಸ್ತಕ, ಸೇಬುಗಳಿಗಿಂತ ಹೆಚ್ಚು ಕಲಿಸುತ್ತದೆ.

ಸೂಚನೆಗಳಲ್ಲಿ ಪದ ಉಳಿಸಲು ಆರ್ಟಿಕಲ್ ಬಿಡಬಹುದು ಎಂಬ ನಿಮ್ಮ ಸಲಹೆಯನ್ನಂತೂ ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪದ ಕ್ರಿಯೆಯೂ ಆಗುತ್ತದೆ, ನಾಮವೂ ಆಗುತ್ತದೆ; ಯಾವುದು ನಾಮ ಎಂದು ಮೊದಲೇ ತೋರಿಸಿಕೊಡುವುದು ಹಲವೆಡೆ ಆರ್ಟಿಕಲ್ ಒಂದೇ. 'ಚೆಕ್ ವಾಲ್ವ್' ಎಂದಷ್ಟೇ ಬರೆದರೆ ವಾಲ್ವನ್ನು ಪರೀಕ್ಷಿಸಿ ಎಂಬ ಆಜ್ಞೆಯೋ, ಹರಿವನ್ನು ಒಂದೇ ದಿಕ್ಕಿಗೆ ಬಿಡುವ ಆ ಹೆಸರಿನ ಭಾಗವೋ ತಿಳಿಯದು. 'ಚೆಕ್ ದ ವಾಲ್ವ್' ಎಂದರೆ ಗೊಂದಲವೇ ಇಲ್ಲ. ವಿಮಾನಗಳ ನಿರ್ವಹಣಾ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ಯುರೋಪಿನಲ್ಲಿ ರೂಪುಗೊಂಡು, ಇಂದು ಎಎಸ್‌ಡಿ-ಎಸ್‌ಟಿಇ100 ಎಂಬ ಹೆಸರಿನಿಂದ ಬಳಕೆಯಲ್ಲಿರುವ ಸರಳ ತಾಂತ್ರಿಕ ಇಂಗ್ಲಿಷಿನ ನಿಯಮಾವಳಿಯು ಪದಗಳ ವಿಷಯದಲ್ಲಿ ಬಹಳ ಜಿಪುಣವಾದರೂ ಅಗತ್ಯವಿರುವಲ್ಲಿ ನಾಮಪದಕ್ಕೆ ಮೊದಲು ಆರ್ಟಿಕಲ್ ಇರಲೇಬೇಕೆನ್ನುತ್ತದೆ. ತಲೆಬರಹ, ಪರದೆಯ ಗುಂಡಿ, 'ಫೈಲ್ ನಾಟ್ ಫೌಂಡ್'ನಂತಹ ಚುಟುಕು ಸಂದೇಶಗಳ ಮಾತು ಬೇರೆ.

'ಎ' ಮತ್ತು 'ಆನ್' ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ಅರ್ಧ ಪುಟ ಸಾಕು. ನಿರ್ಧರಿಸುವುದು ಉಚ್ಚಾರ, ಕಾಗುಣಿತವಲ್ಲ. ಕನ್ನಡಿಗರಿಗೆ ಇದಕ್ಕೊಂದು ಸುಲಭ ಉಪಾಯವಿದೆ: ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡುವುದು. 'ಯೂಸರ್' ವ್ಯಂಜನದಿಂದ ಶುರುವಾಗುತ್ತದೆ, ಆದ್ದರಿಂದ 'ಎ'. 'ಅವರ್' (hour, ಗಂಟೆ), 'ಎಚ್‌ಟಿಎಂಎಲ್' ಸ್ವರದಿಂದ, ಆದ್ದರಿಂದ 'ಆನ್'. ದತ್ತಾಂಶ ಹುಡುಕುವ ಕಂಪ್ಯೂಟರ್ ಭಾಷೆ SQL ಅನ್ನು 'ಎಸ್‌ಕ್ಯೂಎಲ್' ಎಂದು ಅಕ್ಷರ ಬಿಡಿಸಿ ಓದುವವರಿಗೆ 'ಆನ್', 'ಸೀಕ್ವೆಲ್' ಎನ್ನುವವರಿಗೆ 'ಎ'. ಇಡೀ ಕೈಪಿಡಿಯಲ್ಲಿ ಒಂದೇ ಇರಲಿ. ಈ ಉಪಾಯ ಕೈಕೊಡುವ ಕಡೆಯೂ ಇದೆ. 'ಒನ್‌-ಟೈಮ್ ಪಾಸ್‌ವರ್ಡ್' ಎಂದು ನಾವು ಸ್ವರದಿಂದ ಬರೆದರೂ ಇಂಗ್ಲಿಷಿನ ಉಚ್ಚಾರ ವಕಾರದಿಂದಲೇ ಹೊರಡುವುದರಿಂದ ಅಲ್ಲಿ 'ಎ' ಬರಬೇಕು. ನೀವು 'ಆನ್' ಹಾಕಿದ್ದೀರಿ. ಹಾಗೆಯೇ 'ದ ಫಿಗರ್ 2', 'ಎ ಸಾಫ್ಟ್‌ವೇರ್' ಎರಡೂ ನಿಮ್ಮ ಮಾದರಿ ವಾಕ್ಯಗಳಲ್ಲಿವೆ: ಸಂಖ್ಯೆ ಹೊತ್ತ ಚಿತ್ರ, ಹಂತ, ಕೋಷ್ಟಕಗಳಿಗೆ ಆರ್ಟಿಕಲ್ ಬೇಡ, ಸಾಫ್ಟ್‌ವೇರ್ ಎಣಿಕೆಗೆ ಸಿಗದ ನಾಮಪದ, ಎಣಿಸಲೇಬೇಕಾದರೆ 'ಎ ಪ್ರೋಗ್ರಾಂ' ಎನ್ನಿ.

ಅನುವಾದದ ಭಾಗಕ್ಕೆ ಬರುತ್ತೇನೆ. ಲೇಖನದ ಜೀವ ಇಲ್ಲಿರಬೇಕಿತ್ತು; ನೀವು ಇದನ್ನು ಕೊನೆಯ ಒಂದು ಪ್ಯಾರಾಕ್ಕೆ ತಳ್ಳಿ, ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ 'ಎ' ಬಂದಲ್ಲಿ 'ಒಂದು', 'ದ' ಬಂದಲ್ಲಿ 'ಆ' ಹಾಕಿ ಎಂದು ಮುಗಿಸಿದ್ದೀರಿ. ಹೀಗೆ ಮಕ್ಕೀಕಾಮಕ್ಕಿ ಮಾಡಿದರೆ 'ಒಂದು ಪಾಸ್‌ವರ್ಡನ್ನು ನಮೂದಿಸಿ ಆ ಗುಂಡಿಯನ್ನು ಒತ್ತಿ' ಎಂಬ ವಾಕ್ಯ ಹುಟ್ಟುತ್ತದೆ. ಪಾಸ್‌ವರ್ಡ್ ಎರಡಿರಬಹುದೇ, ಯಾವ ಗುಂಡಿ ಎಂಬ ಇಲ್ಲದ ಅನುಮಾನಗಳನ್ನು ಅದೇ ತಂದಿಡುತ್ತದೆ. ಕನ್ನಡ ಈ ಕೆಲಸವನ್ನು ಬೇರೆ ದಾರಿಗಳಲ್ಲಿ ಮಾಡುತ್ತದೆ. 'ಪೆಟ್ಟಿಗೆಯಲ್ಲಿ ಕೇಬಲ್ ಇದೆ' ಎಂದರೆ ಇಂಗ್ಲಿಷಿನಲ್ಲಿ 'ಎ ಕೇಬಲ್'. 'ಕೇಬಲ್ ಪೆಟ್ಟಿಗೆಯಲ್ಲಿದೆ' ಎಂದರೆ 'ದ ಕೇಬಲ್'. ಇಲ್ಲಿ ಪದಗಳ ಸ್ಥಾನವೇ ಆರ್ಟಿಕಲ್ಲಿನ ಕೆಲಸ ಮಾಡಿದೆ. 'ಫೈಲ್ ಅಳಿಸುವುದು ಹೇಗೆ' ಎಂಬಲ್ಲಿ ಯಾವ ಫೈಲಾದರೂ ಆದೀತು. 'ಫೈಲನ್ನು ಅಳಿಸಿ' ಎಂದಾಗ ದ್ವಿತೀಯಾ ವಿಭಕ್ತಿ ಸಾಮಾನ್ಯವಾಗಿ ಗೊತ್ತಿರುವ ಫೈಲಿನತ್ತ ವಾಲುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಅನುವಾದಕರು ಈ ಸುಳಿವುಗಳನ್ನು ಓದದೆ ಬರೀ ಅಂದಾಜಿನ ಮೇಲೆ 'ದ' ಹಾಕುತ್ತಾ ಹೋಗುವುದರಿಂದಲೇ ಅರ್ಧ ತಪ್ಪುಗಳಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕ್ಷೇತ್ರವನ್ನು ನೀವು ಮುಟ್ಟಿಯೇ ಇಲ್ಲ: ಪೇಟೆಂಟ್. ಹಕ್ಕುಸಾಧನೆಯ ವಾಕ್ಯಗಳಲ್ಲಿ, ಅಂದರೆ ಆವಿಷ್ಕಾರದ ಯಾವ ಭಾಗದ ಮೇಲೆ ಹಕ್ಕು ಬೇಕೆಂದು ಹೇಳುವ 'ಕ್ಲೇಮ್'ಗಳಲ್ಲಿ, ಮೊದಲ ಸಲ 'ಎ ಲಿವರ್', ಆಮೇಲೆ 'ದ ಲಿವರ್' ಎಂಬ ಕ್ರಮ ಕಟ್ಟುನಿಟ್ಟು. ಹಿಂದೆ ಹೇಳದ ಭಾಗಕ್ಕೆ ನೇರವಾಗಿ 'ದ' ಹಾಕಿದರೆ ಅದು ಯಾವುದೆಂಬುದು ಅಸ್ಪಷ್ಟ ಎಂದು ಪರೀಕ್ಷಕರು ಆಕ್ಷೇಪಿಸಬಹುದು. ಅಮೆರಿಕದ ಪದ್ಧತಿಯಲ್ಲಿ 'ಕಂಪ್ರೈಸಿಂಗ್' (ಒಳಗೊಂಡಿರುವ) ಎಂಬುದರ ನಂತರ ಬರುವ 'ಎ' ಸಾಮಾನ್ಯವಾಗಿ 'ಒಂದು ಅಥವಾ ಹೆಚ್ಚು' ಎಂಬ ಅರ್ಥ ಕೊಡುತ್ತದೆ. ಅದನ್ನು 'ಒಂದು' ಎಂದು ಇಳಿಸಿದ ಅನುವಾದ ಹಕ್ಕಿನ ವ್ಯಾಪ್ತಿಯನ್ನೇ ಕಿರಿದಾಗಿಸಿ ತೋರಿಸುತ್ತದೆ.

ನಿಯಮಗಳ ಪಟ್ಟಿಯನ್ನು ತೆಗೆದುಹಾಕಿ. ನೀವೇ ಅನುವಾದಿಸಿದ ಕೈಪಿಡಿಯ ಒಂದು ಪುಟವನ್ನು ಎತ್ತಿಕೊಂಡು, ಅದರ ಪ್ರತಿ ನಾಮಪದಕ್ಕೆ ಮೊದಲು ಯಾಕೆ 'ಎ', ಯಾಕೆ 'ದ', ಯಾಕೆ ಏನೂ ಇಲ್ಲ ಎಂದು ವಾದಿಸುತ್ತ ಹೋಗಿ. ಅನುವಾದದ ಭಾಗ ಲೇಖನದ ಅರ್ಧಕ್ಕಿಂತ ಕಡಿಮೆ ಇರದಿರಲಿ. ಆ ರೂಪದಲ್ಲಿ ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ, ಆದರೆ ಪ್ರಕಟಿಸುವ ಭರವಸೆಯನ್ನು ಈಗಲೇ ಕೊಡಲಾರೆ.

ಇಂತಿ,
ಸಂಪಾದಕ