ಚೀನೀಯರು ಛಿಂಗ್‌ಮಿಂಗ್ ಹಬ್ಬವನ್ನು ಮನೆಮಂದಿಯೊಂದಿಗೆ ಹೇಗೆ ಆಚರಿಸುತ್ತಾರೆ?

ಛಿಂಗ್‌ಮಿಂಗ್ ಗತಿಸಿದ ಹಿರಿಯರನ್ನು ನೆನೆಯುವ ಹಬ್ಬ. ಚೀನೀ ಹಬ್ಬಗಳಲ್ಲಿ ಹೆಚ್ಚಿನವು ಚಾಂದ್ರಮಾನದವು. ಇದಾದರೋ ನಮ್ಮ ಮಕರ ಸಂಕ್ರಾಂತಿಯಂತೆ ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಸಾಮಾನ್ಯವಾಗಿ ಏಪ್ರಿಲ್ 4 ಅಥವಾ 5ರಂದು ಬರುತ್ತದೆ. 2008ರಿಂದ ಚೀನಾದಲ್ಲಿ ಅಂದು ಸಾರ್ವಜನಿಕ ರಜೆಯಿದ್ದು, ದೂರದಲ್ಲಿ ದುಡಿಯುವ ಅನೇಕರು ಹಿರಿಯರ ಸಮಾಧಿಯಿರುವ ಊರಿಗೆ ಮರಳುತ್ತಾರೆ.

ಅಜ್ಜನಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಸಮಾಧಿಯ ಬಳಿ ಸೇರಿ, ಕಳೆ ಕಿತ್ತು, ಕಸ ಗುಡಿಸಿ, ಕಲ್ಲಿನ ಮೇಲೆ ಮಾಸಿದ ಅಕ್ಷರಗಳಿಗೆ ಕೆಲವರು ಮತ್ತೆ ಬಣ್ಣ ತುಂಬಿ, ಹಣ್ಣು, ಅಡುಗೆ, ಮದ್ಯಗಳನ್ನು ಎಡೆಯಿಟ್ಟು, ಊದುಬತ್ತಿ ಹಚ್ಚಿ ತಲೆಬಾಗುತ್ತಾರೆ. ಪರಲೋಕದಲ್ಲಿ ಹಿರಿಯರಿಗೆ ಸಲ್ಲಲೆಂದು ಕಾಗದದ ಹಣವನ್ನು ಸುಡುವ ರೂಢಿಯೂ ಇದೆ. ಕಾಡ್ಗಿಚ್ಚಿನ ಭಯದಿಂದ ಹಲವೆಡೆ ಅದನ್ನು ನಿರ್ಬಂಧಿಸಿ ಹೂವಿಡಲು ಹೇಳುತ್ತಾರೆ, ಅದು ಸರಿಯೆಂದೇ ನನ್ನ ಅಭಿಪ್ರಾಯ.

ಶಾಂಘೈ, ಸುಝೌ ಕಡೆಯ ಮನೆಗಳಲ್ಲಿ ಅಂದಿನ ವಿಶೇಷ ತಿನಿಸು ಛಿಂಗ್‌ಥ್ವಾನ್. ಮಾಚಿಪತ್ರೆಯ ಜಾತಿಯ ಎಳೆಸೊಪ್ಪನ್ನು ಬೇಯಿಸಿ ಅರೆದು, ಅಂಟಕ್ಕಿಯ ಹಿಟ್ಟಿಗೆ ಕಲಸಿ, ಕೆಂಪು ಕಾಳಿನ ಸಿಹಿ ಹೂರಣ ತುಂಬಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ, ಹಸಿರಾಗಿ ಹೊಳೆಯುವ ಕಡುಬು ಸಿದ್ಧ. ಇದನ್ನು ತಣ್ಣಗೆಯೂ ತಿನ್ನುತ್ತಾರೆ. ಒಲೆ ಹೊತ್ತಿಸದೆ ತಂಗಳುಣ್ಣುತ್ತಿದ್ದ ಹಳೆಯ ಹಾನ್‌ಷಿ ಹಬ್ಬ ಕಾಲಾಂತರದಲ್ಲಿ ಛಿಂಗ್‌ಮಿಂಗ್‌ನಲ್ಲಿ ಬೆರೆತುಹೋಗಿದೆ.