ಸಿಂದಬಾದ್ ಖಳನಾದದ್ದು ಸರಿಯೇ?

ಪ್ರಿಯ ಓದುಗರೆ, ನಮಸ್ಕಾರ.

ಹಳೆಯ ಕಾರ್ಟೂನುಗಳ ಕುರಿತ ನಮ್ಮ ಲೇಖನದಲ್ಲಿ, ಅಮೆರಿಕದ ಕಾರ್ಟೂನ್ ನಾವಿಕ ಪಾಪಾಯ್‌ನ 1936ರ ‘ಪಾಪಾಯ್ ದಿ ಸೇಲರ್ ಮೀಟ್ಸ್ ಸಿಂದಬಾದ್ ದಿ ಸೇಲರ್’ ಚಿತ್ರವನ್ನು ಮೇರುಕೃತಿ ಎಂದು ಕರೆದದ್ದು ತಮಗೆ ಹಿಡಿಸಿಲ್ಲ. ಮೊಮ್ಮಗಳ ಜೊತೆ ಕೂತು ನೋಡಿ, ಎರಡು ಆಕ್ಷೇಪಗಳನ್ನು ಬರೆದಿದ್ದೀರಿ. ಬಾಲ್ಯದಲ್ಲಿ ತಮ್ಮ ಮನಸ್ಸು ಗೆದ್ದ ಬಾಗ್ದಾದಿನ ಸಿಂದಬಾದನನ್ನು ಇಲ್ಲಿ ಗಡ್ಡದ ಪುಂಡನನ್ನಾಗಿ ಮಾಡಿಬಿಟ್ಟಿದ್ದಾರೆ ಎನ್ನುವುದು ಒಂದು. ಪೆಟ್ಟು ತಿನ್ನುವುದು, ಪಾಲಕ್ ಸೊಪ್ಪು ನುಂಗಿ ಬಲ ಪಡೆಯುವುದು, ತಿರುಗಿ ಬಾರಿಸುವುದು, ಈ ಸವಕಲು ಸೂತ್ರದಲ್ಲಿ ಕಲೆ ಎಲ್ಲಿದೆ ಎನ್ನುವುದು ಇನ್ನೊಂದು.

ಮೊದಲನೆಯ ಮಾತಿನಲ್ಲಿ ನ್ಯಾಯವಿದೆ. ಅರೇಬಿಯನ್ ಕಥೆಗಳ ಸಿಂದಬಾದ್ ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡು, ಮತ್ತೆ ಗಳಿಸಿ ಊರು ಸೇರುವ ವ್ಯಾಪಾರಿ. ಮೊದಲ ಯಾನದಲ್ಲಿ ಅವನು ಕಾಲಿಟ್ಟ ದ್ವೀಪವೇ ಒಂದು ಭಾರೀ ಮೀನಿನ ಬೆನ್ನು. ಎರಡನೆಯದರಲ್ಲಿ ಬರುತ್ತದೆ ದೈತ್ಯ ರುಖ್ ಪಕ್ಷಿ. ಇವೆರಡನ್ನೂ ಎತ್ತಿಕೊಂಡು ಬಂದ, ಈ ಚಿತ್ರ ತಯಾರಿಸಿದ ಫ್ಲೈಶರ್ ಸ್ಟುಡಿಯೋದವರು ಅವನನ್ನೇ ಖಳನನ್ನಾಗಿಸಿದರು. ಪೂರ್ವದ ಕಥೆಗಳೆಂದರೆ ಯಾರು ಬೇಕಾದರೂ ಬಳಸಬಹುದಾದ ಬಣ್ಣದ ಸಾಮಗ್ರಿ ಎಂಬ ಧೋರಣೆ ಆಗಿನ ಅಮೆರಿಕದ ಚಿತ್ರರಂಗದಲ್ಲಿ ಇದ್ದೇ ಇತ್ತು. ಇದೇ ಸ್ಟುಡಿಯೋ 1937ರಲ್ಲಿ ಆಲಿಬಾಬಾನ ಕಥೆಯನ್ನೂ 1939ರಲ್ಲಿ ಅಲ್ಲಾದೀನನ ಕಥೆಯನ್ನೂ ಹೀಗೆಯೇ ಪಾಪಾಯ್‌ಗೆ ಒಗ್ಗಿಸಿಕೊಂಡಿತು. ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ.

ಆದರೆ ಆ ಖಳನಿಗೆ ಅವರು ಎಷ್ಟು ಜಾಗ ಕೊಟ್ಟಿದ್ದಾರೆ, ಗಮನಿಸಿದಿರಾ? ಹದಿನಾರು ನಿಮಿಷ ದಾಟುವ ಈ ಚಿತ್ರ ಶುರುವಾಗುವುದು ನಾಯಕನಿಂದಲ್ಲ, ಸಿಂದಬಾದನಿಂದ. ಯಕ್ಷಗಾನದ ಬಣ್ಣದ ವೇಷ ಒಡ್ಡೋಲಗದಲ್ಲಿ ತನ್ನ ಪ್ರತಾಪವನ್ನು ತಾನೇ ಸಾರಿಕೊಳ್ಳುವ ಹಾಗೆ, ಅವನು ತನ್ನ ದ್ವೀಪದುದ್ದಕ್ಕೂ ನಡೆಯುತ್ತ ತನ್ನನ್ನೇ ಹಾಡಿಕೊಳ್ಳುತ್ತಾನೆ. ಸಿಂಹಗಳು ಮುದುಡುತ್ತವೆ, ಹಾವುಗಳು ಹೆದರುತ್ತವೆ. ರುಖ್ ಪಕ್ಷಿಯನ್ನೂ ಎರಡು ತಲೆಯ ದೈತ್ಯ ಬೂಲಾನನ್ನೂ ತಾನು ಹೇಗೆ ಮಣಿಸಿದೆ ಎಂದು ಕೊಚ್ಚಿಕೊಳ್ಳುತ್ತಾನೆ. ನನ್ನಂಥ ಅಸಾಮಾನ್ಯ ಇನ್ನೊಬ್ಬನುಂಟೇ ಎಂದು ಕೇಳುತ್ತಾನೆ. ಅವನ ಹೆಸರನ್ನೇ ಕೂಗದೆ ಆ ಪ್ರಾಣಿಗಳಿಗೆ ಗತಿಯಿಲ್ಲ.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಬೇರೊಂದು ಹಾಡು ಕೇಳಿಬರುತ್ತದೆ. ಹಡಗಿನ ಮೇಲೆ ಒಬ್ಬ ಕುಳ್ಳ, ಒಂಟಿಗಣ್ಣು ಕಿರಿದು ಮಾಡಿಕೊಂಡು, ನಾನು ನಾವಿಕ ಪಾಪಾಯ್ ಎಂದು ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಾನೆ. ಇಡೀ ವೈರ ಹುಟ್ಟುವುದು ಇಲ್ಲಿ. ನಿಧಿಯ ಆಸೆಯಲ್ಲ, ಹಳೆಯ ಹಗೆಯಲ್ಲ; ಇನ್ನೊಬ್ಬನೂ ತಾನು ನಾವಿಕನೆಂದು ಹಾಡಿದನಲ್ಲ ಎಂಬ ಹೊಟ್ಟೆಯುರಿ. ರುಖ್ ಪಕ್ಷಿಯನ್ನು ಕಳಿಸಿ ಹಡಗು ಒಡೆಸುವುದು, ಪಾಪಾಯ್‌ನ ಪ್ರಿಯತಮೆ ಆಲಿವ್‌ಳನ್ನು ಹೊತ್ತು ತರಿಸುವುದು ಎಲ್ಲ ಅದರ ಹಿಂದೆ ಬರುತ್ತವೆ. ಖಳನ ಸಿಟ್ಟಿಗೆ ಇಷ್ಟು ಸಣ್ಣ, ಇಷ್ಟು ನಿಜವಾದ ಕಾರಣ ಕೊಟ್ಟ ನಗೆಚಿತ್ರಗಳು ಬಹಳ ಇಲ್ಲ.

ಇನ್ನು ಸೂತ್ರದ ಮಾತು. ಹಾಡಿನಲ್ಲಿ ಸಿಂದಬಾದ್ ಯಾವುದನ್ನು ಹೇಳಿ ಮೆರೆದನೋ ಅದನ್ನೇ ಒಂದೊಂದಾಗಿ ಪಾಪಾಯ್ ಮೇಲೆ ಛೂ ಬಿಡುತ್ತಾನೆ. ಪಾಪಾಯ್‌ನನ್ನು ಹೊತ್ತೊಯ್ದ ರುಖ್ ಪಕ್ಷಿ ಹುರಿದ ಕೋಳಿಯಂತೆ ತಟ್ಟೆಯಲ್ಲಿ ವಾಪಸು ಬರುತ್ತದೆ. ಆಮೇಲೆ ಬೂಲಾನ ಸರದಿ. ಪಾಲಕ್ ಡಬ್ಬಿ ಹೊರಬರುವುದು ಸಿಂದಬಾದ್ ತಾನೇ ಕಣಕ್ಕಿಳಿದ ಮೇಲೆ, ಕೊಟ್ಟಕೊನೆಯಲ್ಲಿ. ಸೊಪ್ಪಿನಿಂದ ಗೆಲುವು ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಈ ಕಟ್ಟಡವೇ ಕಾಣದೆ ಹೋಗುತ್ತದೆ. ಕೊನೆಗೆ ಸಿಂದಬಾದನ ಅದೇ ಹಾಡನ್ನು ಪಾಪಾಯ್ ಕಸಿದುಕೊಂಡು ಹಾಡುವುದಿದೆಯಲ್ಲ, ಮೊದಲಿನ ಕೊಚ್ಚಿಕೊಳ್ಳುವಿಕೆ ಅಷ್ಟು ದೀರ್ಘವಾಗಿರದಿದ್ದರೆ ಅದು ನಗು ತರಿಸುತ್ತಲೇ ಇರಲಿಲ್ಲ.

ಕಿವಿಗೊಟ್ಟು ಕೇಳಿದರೆ ಇದು ಎರಡು ಕಂಠಗಳ ಜಟಾಪಟಿಯೂ ಹೌದು. ಸಿಂದಬಾದನಿಗೆ ಗಸ್ ವಿಕಿಯ ಗುಡುಗುವ ಮಂದ್ರ ಕಂಠ. ಪಾಪಾಯ್‌ಗೆ ಜ್ಯಾಕ್ ಮರ್ಸರ್‌ನ ಗೊಣಗು. ಆ ಸ್ಟುಡಿಯೋದಲ್ಲಿ ಆಗ ಚಿತ್ರ ಬರೆದಾದ ಮೇಲೆ ಧ್ವನಿ ಸೇರಿಸುವ ಪದ್ಧತಿ ಇತ್ತು. ಹಾಗಾಗಿ ಪಾಪಾಯ್‌ನ ತುಟಿ ಅಲುಗದ ಕಡೆಯೂ ಮರ್ಸರ್ ತನಗೆ ತೋಚಿದ್ದನ್ನು ಗೊಣಗಿ ಸೇರಿಸುತ್ತಿದ್ದ. ಈ ಚಿತ್ರದ ಅರ್ಧ ನಗೆ ಆ ಗೊಣಗಾಟದಲ್ಲಿದೆ. ಮೊಮ್ಮಗಳಿಗೆ ಅದು ದಾಟದಿದ್ದರೆ ಆಶ್ಚರ್ಯವಿಲ್ಲ. ಇಂಗ್ಲಿಷ್ ಬಲ್ಲವರಿಗೂ ಎರಡನೆಯ ಸಲಕ್ಕೇ ಅದು ಸಿಗುವುದು. ಬಾತುಕೋಳಿಯ ಹಿಂದೆ ಮಾಂಸ ಅರೆಯುವ ಯಂತ್ರ ಹಿಡಿದು ಅಲೆಯುವ, ಪಾಪಾಯ್‌ನ ಹೊಟ್ಟೆಬಾಕ ಗೆಳೆಯ ವಿಂಪಿಯಂತೂ ಯಾವ ಭಾಷೆಯವರಿಗೂ ಅರ್ಥವಾಗುತ್ತಾನೆ.

ಕಣ್ಣಿಗೆ ಕಾಣುವ ಒಂದು ಸಂಗತಿಯನ್ನೂ ಹೇಳಲೇಬೇಕು. ಸಿಂದಬಾದ್ ಬಂಡೆಗಳ ನಡುವೆ ನಡೆಯುವಾಗ ಹಿನ್ನೆಲೆಯನ್ನು ನೋಡಿ: ಹತ್ತಿರದ ಕಲ್ಲು ಬೇಗ ಸರಿಯುತ್ತದೆ, ದೂರದ್ದು ನಿಧಾನ. ಅದು ಬರೆದ ಚಿತ್ರವಲ್ಲ. ತಿರುಗುವ ಮೇಜಿನ ಮೇಲೆ ಪುಟ್ಟ ಗುಡ್ಡ, ಗುಹೆಗಳನ್ನು ನಿಜವಾಗಿಯೇ ಕಟ್ಟಿ, ಮುಂದೆ ಪಾರದರ್ಶಕ ಹಾಳೆಯ ಮೇಲೆ ಬರೆದ ಸಿಂದಬಾದನನ್ನು ನಿಲ್ಲಿಸಿ, ಒಂದು ಫ್ರೇಮ್ ತೆಗೆದು, ಮೇಜನ್ನು ಕೂದಲೆಳೆಯಷ್ಟು ಸರಿಸಿ, ಹಾಳೆ ಬದಲಿಸಿ, ಮತ್ತೊಂದು ಫ್ರೇಮ್ ತೆಗೆಯುತ್ತಿದ್ದರು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು! ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಇಂಥ ಆಳವನ್ನು ಕೈಯಿಂದಲೇ ತಂದವರ ಬಗ್ಗೆ ನಮಗೆ ಅಪಾರ ಗೌರವ.

ಈ ಚಿತ್ರ ಆ ವರ್ಷದ ಆಸ್ಕರ್‌ಗೆ ನಾಮನಿರ್ದೇಶನಗೊಂಡರೂ ಪ್ರಶಸ್ತಿ ಡಿಸ್ನಿಯ ‘ದಿ ಕಂಟ್ರಿ ಕಸಿನ್’ ಪಾಲಾಯಿತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ ಪಾಪಾಯ್ ಚಿತ್ರ ಸೇರಿತು.

ತಾವು ನೋಡಿದ ಪ್ರತಿಯಲ್ಲಿ ಎಲ್ಲವೂ ಕಂದುಗಟ್ಟಿತ್ತು ಎಂದಿದ್ದೀರಿ. ಬಣ್ಣ ಮಾಸಿದ ಪ್ರತಿಗಳೇ ಇಂಟರ್ನೆಟ್ಟಿನಲ್ಲಿ ಹೆಚ್ಚು ಓಡಾಡುತ್ತಿವೆ. ಆಗಿನ ಬಣ್ಣದ ಚಿತ್ರತಂತ್ರವಾದ ಟೆಕ್ನಿಕಲರ್‌ನ ಕೆಂಪು, ನೀಲಿ ಗಟ್ಟಿಯಾಗಿ ಉಳಿದಿರುವ ಒಳ್ಳೆಯ ಪ್ರತಿಯೊಂದನ್ನು ಹುಡುಕಿ, ಧ್ವನಿ ಜೋರಾಗಿಟ್ಟು ಇನ್ನೊಮ್ಮೆ ನೋಡಿ. ಆಗಲೂ ತಮ್ಮ ಅಭಿಪ್ರಾಯ ಬದಲಾಗದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕರು