ಖಾಲಿ ಬಿಟ್ಟ ಮೂರನೇ ಚೌಕ

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆಯ ಎನ್4 ಹಂತದ 24 ಮಂದಿಗೆ ಜಪಾನೀ ಭಾಷೆ ಕಲಿಸುತ್ತೇನೆ. ಅರ್ಧ ಜನ ಕನ್ನಡ ಮನೆಮಾತಿನವರು, ಉಳಿದವರು ಮರಾಠಿಯವರು. ಬಿಟ್ಟ ಸ್ಥಳ ಪಟಪಟನೆ ತುಂಬುತ್ತಾರೆ. ಸ್ವಂತವಾಗಿ ನಾಲ್ಕು ಮಾತು ಹೇಳಿ ಅಂದರೆ ತೆಪ್ಪಗಾಗುತ್ತಾರೆ. ಬಿ.ಎಡ್.ನಲ್ಲಿ ಓದಿದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಇಲ್ಲಿ ಉಪಯೋಗಕ್ಕೆ ಬರುತ್ತಾರೆಯೇ?
– ಓದುಗರೊಬ್ಬರು, ಪುಣೆ

ಉತ್ತರ: ಖಂಡಿತ ಬರುತ್ತಾರೆ. ಜೆಎಲ್‌ಪಿಟಿಯಲ್ಲಿ ಮಾತಾಡುವ, ಬರೆಯುವ ಭಾಗಗಳಿಲ್ಲ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿದರಾಯಿತು. ಅದಕ್ಕೇ ತಯಾರಾದವರ ಮನಸ್ಸಿನಲ್ಲಿ ‘ಸರಿಯುತ್ತರ ಒಂದೇ’ ಎಂಬುದು ಕೂತುಬಿಟ್ಟಿರುತ್ತದೆ. ಯೋಚನೆ ಮೊದಲು ಜನರ ನಡುವೆ ಹುಟ್ಟಿ, ಆಮೇಲೆ ಒಬ್ಬರೊಳಗೆ ಇಳಿಯುತ್ತದೆ ಎನ್ನುವುದು ವೈಗಾಟ್‌ಸ್ಕಿ ವಾದ. ಹಾಗಾಗಿ ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಕಥೆ ಕೇಳಬೇಡಿ.

ಯೊನ್‌ಕೊಮಾ, ಅಂದರೆ ನಾಲ್ಕು ಚೌಕದ ಚಿತ್ರಕಥೆಯಿಂದ ಶುರುಮಾಡಿ. ಕಿ, ಶೋ, ತೆನ್, ಕೆತ್ಸು: ಆರಂಭ, ಮುಂದುವರಿಕೆ, ತಿರುವು, ಮುಕ್ತಾಯ. ಮೂವರಂತೆ ಎಂಟು ಗುಂಪು ಮಾಡಿ, ಮೊದಲೆರಡು ಚೌಕ ನೀವೇ ಕೊಡಿ. ಎಲ್ಲರೂ ಕಂಡಿರುವ ಜಾಗವಾದರೆ ಒಳ್ಳೆಯದು. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ, ಜಪಾನೀ ಶೈಲಿಯದೇ ತೋಟ, ಅಲ್ಲಿ ಮಳೆ ಹಿಡಿದಿದೆ, ಅಜ್ಜಿ ಕೊಡೆ ಮರೆತಿದ್ದಾರೆ. ತಿರುವಿನ ಚೌಕ ಖಾಲಿ ಇರಲಿ.

ಮೊದಲ ಐದು ನಿಮಿಷ ಕನ್ನಡದಲ್ಲೋ ಮರಾಠಿಯಲ್ಲೋ ಚರ್ಚಿಸಲಿ. ಇದಕ್ಕೆ ಅಡ್ಡಿ ಮಾಡಬೇಡಿ, ಮನೆಮಾತೇ ಇಲ್ಲಿ ದೊಡ್ಡ ಆಸರೆ. ‘ತಿಂದು ನೋಡು’ ಅನ್ನುವವರಿಗೆ ‘ತಬೆತೆ ಮಿರು’ ಹೊಸದಲ್ಲ. ಅಲ್ಲೂ ‘ನೋಡು’ ಕ್ರಿಯಾಪದವೇ ಬರುತ್ತದೆ. ಮರಾಠಿಯವರಿಗೆ ‘ಖಾವೂನ್ ಬಘ್’ ಇದೆ. ‘ತಿಂದುಬಿಟ್ಟೆ’ಗೆ ‘ತಬೆತೆ ಶಿಮತ್ತ’. ಇಂಥ ಆರು ರೂಪಗಳ ಚೀಟಿ ಕೊಟ್ಟು, ಹದಿನೈದು ನಿಮಿಷ ಜಪಾನಿಯಲ್ಲಿ ಬರೆಸಿ.

ಕೆಡುವುದು ಸಾಮಾನ್ಯವಾಗಿ ಇಲ್ಲೇ: ಚುರುಕಾದವರೊಬ್ಬರು ಎಲ್ಲವನ್ನೂ ತಾವೇ ಬರೆದು ಮುಗಿಸುತ್ತಾರೆ. ಪೆನ್ನು ಹಿಡಿದವರು ಉಪಾಯ ಹೇಳಕೂಡದು ಎಂದು ನಿಯಮ ಮಾಡಿ, ಪ್ರತಿ ವಾಕ್ಯಕ್ಕೂ ಪೆನ್ನು ಕೈ ಬದಲಾಗಲಿ. ಎಲ್ಲ ಗುಂಪೂ ‘ಅದೊಂದು ಕನಸು’ ಎಂದು ಮುಗಿಸಿದರೆ ಮುಂದಿನ ಸಲ ಕನಸಿಗೆ ನಿಷೇಧ. ತಿರುವು ಎರಡನೇ ಚೌಕದಲ್ಲಿರುವ ವಸ್ತುವಿನಿಂದಲೇ ಹುಟ್ಟಬೇಕು. ನಡುವೆ ತಪ್ಪು ತಿದ್ದಬೇಡಿ, ತಿದ್ದಿದೊಡನೆ ಮತ್ತೆ ಪರೀಕ್ಷೆಯ ಭಯ ಬರುತ್ತದೆ. ‘ವ’, ‘ಗ’ ಪ್ರತ್ಯಯದ ತಪ್ಪುಗಳನ್ನು ಗುರುತು ಹಾಕಿಕೊಂಡು ಕೊನೆಗೆ ಎರಡನ್ನಷ್ಟೇ ಎತ್ತಿಕೊಳ್ಳಿ.

ಅಂದಹಾಗೆ, ಕಲಿಯುವವರಿಗೆ ಹೀಗೆ ತಾತ್ಕಾಲಿಕ ಆಸರೆ ಕೊಡುವುದಕ್ಕೆ ಬಳಸುವ ಸ್ಕ್ಯಾಫೋಲ್ಡಿಂಗ್ (ಸಾರುವೆ ಕಟ್ಟುವುದು) ಎಂಬ ಮಾತು ವೈಗಾಟ್‌ಸ್ಕಿಯದಲ್ಲ. ಅವರು ತೀರಿಕೊಂಡದ್ದು 1934ರಲ್ಲಿ. ವುಡ್, ಬ್ರೂನರ್, ರಾಸ್ ಅದನ್ನು ಬಳಕೆಗೆ ತಂದದ್ದು 1976ರಲ್ಲಿ. ಕಟ್ಟಡ ಎದ್ದ ಮೇಲೆ ಸಾರುವೆ ಬಿಚ್ಚಬೇಕಲ್ಲ, ಹಾಗೆ ಮೂರನೇ ವಾರ ಚೀಟಿಯಲ್ಲಿ ಮೂರೇ ರೂಪ ಇರಲಿ. ಐದನೇ ವಾರ ಚೀಟಿಯೇ ಬೇಡ, ಒಬ್ಬೊಬ್ಬರೇ ಬರೆಯಲಿ.